ಮೂರು ಗೀರಿನ ನೀರು

ಆ ತಾಮ್ರದ ತಪ್ಪಲೆಯ ಒಳಮೈಯಲ್ಲಿ ಮೂರು ಗೀರುಗಳಿದ್ದವು. ಬಿದಿರು ಸೀಳುವ ಕತ್ತಿಯ ಮೊನೆಯಿಂದ ಅಜ್ಜಿಯೇ ಎಳೆದದ್ದು. ಮೇಲಿನ ಗೀರಿನವರೆಗೆ ಕೊಳದ ನೀರು ತುಂಬಿ ಒಲೆಯ ಮೇಲಿಡಬೇಕು. ದೇವರ ಹೆಸರು ಹೇಳುತ್ತ ಕಾಯಿಸಬೇಕು. ಮೂರು ಪಾಲು ನೀರು ಒಂದು ಪಾಲಾಗಿ ಕೆಳಗಿನ ಗೀರಿಗೆ ಬಂದ ಮೇಲೆ ಇಳಿಸಬೇಕು. ನಡುವಿನ ಗೀರು ಅವಸರದವರಿಗೆ. ಅಜ್ಜಿ ಬದುಕಿದ್ದಷ್ಟು ದಿನ ಅವಳ ಅಡುಗೆಮನೆಯಲ್ಲಿ ಅವಸರ ಮಾಡುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಅವಳು ಹೋಗಿ ಎಂಟು ತಿಂಗಳಾಗಿತ್ತು. ಐವತ್ತು ವರ್ಷ ಬಿದಿರು ಸೀಳಿ ಬುಟ್ಟಿ, ಏಣಿ, ಕುರ್ಚಿ ಕಟ್ಟಿದ ಅಜ್ಜ ಅದುವರೆಗೆ ಒಲೆಯ ಮುಂದೆ ಕೂತವನಲ್ಲ. ಆದರೆ ಅವಳನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ತಪ್ಪಲೆಯನ್ನು ಬೂದಿ ಹಚ್ಚಿ ಬೆಳಗಿ, ನೀರು ತುಂಬಿ ಒಲೆ ಹೊತ್ತಿಸಿದ್ದ. ಸೊಸೆ ಬಂದು ನೋಡಿದಳು. ಅವನು ಕೂರಲೆಂದು ಒಂದು ಮಣೆ ತಂದಿಟ್ಟು ಹೋದಳು. ಅಂದಿನಿಂದ ಆ ಕೆಲಸ ಅವನದಾಯಿತು.

ಮನೆಯವರೆಲ್ಲ ಕೊಳದ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಇಳಿಸಿದ ನೀರು ಮೊಮ್ಮಗಳಿಗೆ ಮಾತ್ರ. ಒಂಬತ್ತು ವರ್ಷದ, ಕಡ್ಡಿಯಂಥ ಹುಡುಗಿ. ಊರಿಗೆಲ್ಲ ಅವಳು ಚಿಣ್ಣಿ. ನೆಲಕ್ಕೆ ಕಾಲು ತಾಗುವುದೇ ಅನುಮಾನ ಎನ್ನುವ ಹಾಗೆ ಓಡುತ್ತಿದ್ದಳು. "ಅವಳ ಅಜ್ಜಿ ನೀರು ಅವಳ ಕಾಲಿಗೆ ಇಳಿದಿದೆ" ಎಂದು ಅಜ್ಜ ಎಲ್ಲರಿಗೂ ಹೇಳುತ್ತಿದ್ದ.

ಆ ವರ್ಷ ಮನೆಗೆ ಎರಡು ಸಡಗರ ಒಟ್ಟಿಗೆ ಬಂದವು. ಸುತ್ತಲ ಊರುಗಳ ಶಾಲೆಗಳೆಲ್ಲ ಸೇರುವ ಓಟಕ್ಕೆ ಚಿಣ್ಣಿಯನ್ನು ಆರಿಸಿದರು. ಅದೇ ವಾರ ಪೇಟೆಯ ದೊಡ್ಡ ಹೋಟೆಲಿನವರು ಅರವತ್ತು ಬಿದಿರಿನ ಕುರ್ಚಿ ಬೇಕೆಂದು ಮಗನಿಗೆ ಹೇಳಿಕಳಿಸಿದರು. ಅಂಗಳದಲ್ಲಿ ಹಸಿ ಬಿದಿರಿನ ರಾಶಿ ಬಿತ್ತು. ಅದರ ಜೊತೆಗೆ ಜಗಳವೂ ಬಂತು.

"ಔಷಧಿ ಹಾಕ್ದೆ ಇದ್ರೆ ಈ ಗಿರಾಕಿ ಕೈ ಬಿಟ್ಟ ಹಾಗೇ ಅಪ್ಪ" ಎಂದ ಮಗ, ಗಂಜಿಯ ತಟ್ಟೆ ಮುಂದಿಟ್ಟುಕೊಂಡು. "ಹೋದ ಸಲದ ಕುರ್ಚಿ ಕೆಳಗೆ ಹಿಟ್ಟು ಉದುರ್ತಿತ್ತಂತೆ. ಹುಳ ತಿಂದು ಹಾಕ್ತಿದೆ."

"ಎರಡು ತಿಂಗಳು ನೆನೆಯೋ ಬಿದಿರನ್ನ ನೀನು ಇಪ್ಪತ್ತು ದಿನಕ್ಕೆ ಕೊಳದಿಂದ ಎತ್ತಿದ್ರೆ, ಹಿಟ್ಟು ಉದುರದೆ ಹೂವು ಉದುರುತ್ತಾ?"

"ಎರಡು ತಿಂಗಳು ಕಾಯೋಕೆ ಹೋಟೆಲಿನವರೇನು ನಿನ್ನ ಬೀಗರಾ?"

"ಕೊಳ ಕಾಣದ ಬಿದಿರಲ್ಲಿ ನಾನು ಕುರ್ಚಿ ಕಟ್ಟಲ್ಲ. ಬೇಕಾದ್ರೆ ನೀನೇ ಕಟ್ಟಿ ನೀನೇ ಕೂತ್ಕೋ."

ಸೊಸೆ ಸೌಟನ್ನು ಪಾತ್ರೆಗೆ ಕುಟ್ಟಿದಳು. "ಗಂಜಿ ಆರಿ ಅಂಟಾಯ್ತು, ನಿಮ್ಮ ಬಾಯಿ ಮಾತ್ರ ಆರಲಿಲ್ಲ. ಎರಡೂ ಮಾಡಿ. ಔಷಧಿ ತುಂಬಿ, ಆಮೇಲೆ ಮಾವ ಹೇಳ್ದ ಹಾಗೆ ಕೊಳಕ್ಕೂ ಹಾಕಿ. ಹುಳ ಎರಡು ಕಡೆಯಿಂದ್ಲೂ ಸಾಯ್ಲಿ."

ಅಪ್ಪ ಮಗ ಇಬ್ಬರೂ ಅವಳ ಮುಖ ನೋಡಿದರು. ಇಷ್ಟು ಸುಲಭದ ಮಾತು ತಮಗೆ ಹೊಳೆಯಲಿಲ್ಲವಲ್ಲ ಎಂದು ಅಜ್ಜನಿಗೆ ನಗು ಬಂತು. ಉಳಿದವರೂ ನಕ್ಕರು. ಎಂಟು ತಿಂಗಳಿಂದ ಆ ಮನೆಯಲ್ಲಿ ಹಾಗೆ ಎಲ್ಲರೂ ಒಟ್ಟಿಗೆ ನಕ್ಕಿರಲಿಲ್ಲ.

ಮಗ ಗೆದ್ದಲಿನ ಔಷಧಿಯ ಡಬ್ಬ ತಂದ. ಪ್ರತಿ ಗೆಣ್ಣಿನ ಪಕ್ಕಕ್ಕೆ ತೂತು ಕೊರೆದು ಔಷಧಿ ಸುರಿದ. ಒಂದು ದಿನ ನೆರಳಲ್ಲಿಟ್ಟು, ಮರುದಿನ ಗಂಡಹೆಂಡಿರು ಬಿದಿರಿನ ಗಳುಗಳನ್ನು ಹೊತ್ತು ಕೊಳದ ಮೂಲೆಯಲ್ಲಿ ಕಲ್ಲು ಹೇರಿ ಮುಳುಗಿಸಿದರು. ಅಜ್ಜ ದಡದಲ್ಲಿ ನಿಂತು, "ಇನ್ನೊಂದು ಕಲ್ಲು, ಅಲ್ಲಿ ತುದಿ ಏಳ್ತಾ ಇದೆ" ಎಂದು ಕೂಗುತ್ತಿದ್ದ.

ಹತ್ತು ದಿನ ಕಳೆಯುವಷ್ಟರಲ್ಲಿ ಕೊಳ ಎಂದೂ ಇಲ್ಲದಷ್ಟು ತಿಳಿಯಾಗಿ ಕಂಡಿತು. ಸಂಜೆಯ ಸೊಳ್ಳೆಯೂ ಕಡಿಮೆಯಾಯಿತು. ಬಟ್ಟೆ ಒಗೆಯಲು ಬಂದ ಹೆಂಗಸರು ಅದನ್ನೇ ಆಡಿಕೊಂಡರು.

"ಅಜ್ಜ, ನೀರಿನ ಮೇಲೆ ಓಡೋ ಹುಳ ಇರ್ತಿದ್ವಲ್ಲ, ಉದ್ದ ಕಾಲಿಂದು. ಒಂದೂ ಇಲ್ಲ" ಎಂದಳು ಚಿಣ್ಣಿ. ಆ ಹುಳಗಳ ಜೊತೆ ದಡದಗುಂಟ ಪಂದ್ಯ ಕಟ್ಟಿ ಓಡುವುದು ಅವಳ ಅಭ್ಯಾಸವಾಗಿತ್ತು.

"ನಿನಗೆ ಹೆದರಿ ಓಡಿಹೋಗಿರಬೇಕು. ನೀರು ಶುಚಿಯಾಗಿದೆ ಮಗು, ದೇವರು ದೊಡ್ಡವನು. ಇನ್ನೊಂದು ಲೋಟ ಕುಡಿ."

ಆ ವಾರವೇ ಅವಳಿಗೆ ಬೆಳಗಿನ ಗಂಜಿ ಸೇರದಾಯಿತು. ಹೊಟ್ಟೆ ತೊಳಸುತ್ತದೆ ಎಂದಳು. ಸೊಸೆಗೂ ತಲೆ ಭಾರ. "ಬಿಸಿಲಲ್ಲಿ ಓಡ್ತಾಳೆ, ನೀನು ಬಿಸಿಲಲ್ಲಿ ಬಿದಿರು ಹೆರೀತೀಯ" ಎಂದು ಅಜ್ಜ ಅರ್ಥ ಹೇಳಿ, ಮೊಮ್ಮಗಳಿಗೆ ದಿನಕ್ಕೆ ಮೂರು ಲೋಟ ಕೊಡುತ್ತಿದ್ದ ನೀರನ್ನು ಐದಕ್ಕೆ ಏರಿಸಿದ. ಇನ್ನೊಂದು ವಾರಕ್ಕೆ ಶಾಲೆಯ ಬಯಲಿನಲ್ಲಿ ಓಡುತ್ತಿದ್ದವಳು ಮುಗ್ಗರಿಸಿ ಬಿದ್ದಳು. ಕಲ್ಲು ಎಡವಿದ್ದಲ್ಲ. ಎಬ್ಬಿಸಲು ಹೋದ ಅಜ್ಜನ ಕೈಯಲ್ಲಿ ಅವಳ ಬೆರಳುಗಳು ನಡುಗುತ್ತಿದ್ದವು.

ಆಸ್ಪತ್ರೆಯ ಡಾಕ್ಟರಮ್ಮ ಚಿಣ್ಣಿಯ ಕಣ್ಣು, ನಾಲಿಗೆ, ಬೆರಳು ಎಲ್ಲ ನೋಡಿದರು.

"ಕುಡಿಯೋ ನೀರು ಯಾವುದು?"

"ಕೊಳದ್ದು ತಾಯಿ, ಆದ್ರೆ ಮೂರರಲ್ಲಿ ಒಂದಕ್ಕೆ ಇಳಿಸಿದ್ದು" ಎಂದ ಅಜ್ಜ. "ಅದಕ್ಕಿಂತ ಶುಚಿಯಾದ ನೀರು ಪೇಟೆಯಲ್ಲೂ ಸಿಗಲ್ಲ."

"ಕಾಯಿಸೋದು ಒಳ್ಳೇದೇ. ಮನೆ ಹತ್ತಿರ ಯಾರಾದ್ರೂ ಹುಳದ ಔಷಧಿ ಬಳಸ್ತಾರಾ?"

ಮಗ ಕಿಟಕಿಯ ಕಡೆ ನೋಡಿದ. ಸೊಸೆ ಗಂಡನ ಮುಖ ನೋಡಿ, ಅವನು ಬಾಯಿ ಬಿಡುವುದಿಲ್ಲವೆಂದು ತಿಳಿದ ಮೇಲೆ, ಎಲ್ಲವನ್ನೂ ಹೇಳಿದಳು.

ಡಾಕ್ಟರಮ್ಮನ ಪೆನ್ನು ನಿಂತಿತು. "ಮೊದಲು ಆ ಬಿದಿರನ್ನ ಎತ್ತಿಸಿ. ನೀರು ಪರೀಕ್ಷೆ ಆಗೋವರೆಗೆ ಕೊಳದ ನೀರು ಯಾರೂ ಮುಟ್ಟಬೇಡಿ. ಊರಲ್ಲಿ ಕೈಪಂಪು ಇದ್ಯಲ್ಲ, ಅದರ ನೀರು ಕುಡೀರಿ." ಪೇಟೆಯ ಪರೀಕ್ಷೆಯ ಕಚೇರಿಗೆ ಕೊಡಬೇಕಾದ ಮೂರು ಕಂದು ಗಾಜಿನ ಸೀಸೆಗಳನ್ನು ಮೇಜಿನ ಮೇಲಿಟ್ಟರು. "ತುಂಬಿದ ದಿನವೇ, ಮಂಜುಗಡ್ಡೆಯಲ್ಲಿಟ್ಟು, ಸಂಜೆ ನಾಲ್ಕು ಗಂಟೆಯೊಳಗೆ ತಲುಪಬೇಕು. ತಡವಾದ್ರೆ ತಗೊಳ್ಳಲ್ಲ."

ಮನೆಗೆ ಬರುವ ದಾರಿಯಲ್ಲಿ ಮಗ ಬಾಯಿ ಬಿಟ್ಟ. "ಪರೀಕ್ಷೆ ಆಗ್ಲಿ. ಅಲ್ಲಿವರೆಗೆ ಊರಲ್ಲಿ ಯಾರೂ ಉಸಿರೆತ್ತಬೇಡಿ. ಬಿದಿರು ಎತ್ತಿದ್ರೆ ಯಾಕೆ ಅಂತ ಕೇಳ್ತಾರೆ. ಇನ್ನು ಹತ್ತು ದಿನ ಇರ್ಲಿ ಅಲ್ಲೇ."

"ಡಾಕ್ಟರಮ್ಮ ಎತ್ತಿಸಿ ಅಂದ್ರಲ್ಲ" ಎಂದಳು ಹೆಂಡತಿ.

"ಅಂದ್ರು. ಅರವತ್ತು ಕುರ್ಚಿ ಅವರು ಕಟ್ಟಿಕೊಡ್ತಾರಾ?"

ಅಜ್ಜನ ತಲೆಯಲ್ಲಿ ಬೇರೆ ಲೆಕ್ಕವಿತ್ತು. ಒಂದು ಸೀಸೆ ಕೊಳಕ್ಕೆ, ಒಂದು ಕೈಪಂಪಿಗೆ, ಮೂರನೆಯದು? ಮಾರನೆಯ ಬೆಳಿಗ್ಗೆ ಅವನು ತಪ್ಪಲೆಯ ನೀರನ್ನು ಕೆಳಗಿನ ಗೀರಿಗೆ ಇಳಿಸಿ, ಆರಿಸಿ, ಮೂರನೆಯ ಸೀಸೆಗೆ ತುಂಬಿದ. ಕೊಳ ಹೇಗಾದರೂ ಇರಲಿ, ಅವಳ ನೀರು ಎಂಥದ್ದೆಂದು ಪೇಟೆಯವರೂ ಒಮ್ಮೆ ನೋಡಲಿ ಎಂದು ಅವನ ಎದೆ ಉಬ್ಬಿತ್ತು.

ಮಗ ಹೋಟೆಲಿಗೆ ಹೋಗಿದ್ದ. ಸೊಸೆಯೇ ಸ್ಕೂಟರು ತೆಗೆದಳು. ಮಂಜುಗಡ್ಡೆಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜ ಹಿಂದೆ ಕೂತ. ಐಸ್ ಅಂಗಡಿಯವನು ಊಟಕ್ಕೆ ಹೋಗಿದ್ದರಿಂದ ಆಗಲೇ ಮೂರು ಗಂಟೆ ದಾಟಿತ್ತು. ಸ್ಕೂಟರು ಹಳ್ಳ ಹಾರಿತು, ಎಮ್ಮೆಗಳ ನಡುವೆ ನುಸುಳಿತು. ಅಜ್ಜನ ತಲೆವಸ್ತ್ರ ಹಾರಿ ಹಿಂದೆ ಬಿತ್ತು.

"ನಿಲ್ಸಮ್ಮ, ವಸ್ತ್ರ."

"ಬರೋವಾಗ ಎತ್ಕೊಳ್ಳೋಣ ಮಾವ."

ರೈಲು ಗೇಟು ಬಿದ್ದಿತ್ತು. ಅಜ್ಜ ಕಣ್ಣುಮುಚ್ಚಿ ಜೋರಾಗಿ ದೇವರನ್ನು ಕರೆಯತೊಡಗಿದ.

"ದೇವರು ಗೇಟು ತೆಗೀತಾನೆ, ನೀವು ಡಬ್ಬ ಗಟ್ಟಿ ಹಿಡ್ಕೊಳ್ಳಿ. ಸೋರ್ತಾ ಇದೆ, ನನ್ನ ಸೊಂಟವೆಲ್ಲ ಒದ್ದೆ."

ನಾಲ್ಕಕ್ಕೆ ಆರು ನಿಮಿಷ ಇದೆ ಎನ್ನುವಾಗ ಅವರು ಕಚೇರಿಯ ಮೆಟ್ಟಿಲು ಹತ್ತಿದರು. ದಪ್ಪ ಕನ್ನಡಕದ ಹುಡುಗಿಯೊಬ್ಬಳು ಸೀಸೆಗಳಿಗೆ ಚೀಟಿ ಅಂಟಿಸಿದಳು. ಕೊಳ. ಕೈಪಂಪು.

"ಇದು ಯಾವುದು ತಾತ?"

"ನಮ್ಮ ಮನೆಯವಳ ನೀರು ಅಂತ ಬರಿಯಮ್ಮ."

ಹುಡುಗಿ ನಕ್ಕು, 'ಕಾಯಿಸಿದ್ದು' ಎಂದು ಬರೆದಳು. ವಾಪಸು ಬರುವಾಗ ಅಜ್ಜನ ತಲೆವಸ್ತ್ರ ಒಂದು ಬೇಲಿಯ ಮೇಲೆ ನೇತಾಡುತ್ತಿತ್ತು. ಅದನ್ನು ಸುತ್ತಿಕೊಂಡು, ಪಂದ್ಯ ಗೆದ್ದವನ ಹಾಗೆ ಅವನು ಊರು ಹೊಕ್ಕ.

ಮುಂದಿನ ಹತ್ತು ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರಿನಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ವಾಂತಿಯಾಗಿತ್ತು. ಔಷಧಿಯ ಸಂಗತಿ ತಿಳಿಯದ ಆರೋಗ್ಯ ಕೇಂದ್ರದ ಅಕ್ಕ ಬಂದು, ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿ ಹೋದಳು. ಎಷ್ಟು ಕುದಿಸಬೇಕು ಎಂಬ ಮಾತು ಎದ್ದಾಗ ಜನಕ್ಕೆ ನೆನಪಾದದ್ದು ಅಜ್ಜಿಯ ತಪ್ಪಲೆ. ಮೊದಲು ಬಂದವಳು ಪಕ್ಕದ ಮನೆಯ ದರ್ಜಿಯ ಹೆಂಡತಿ. ಅಜ್ಜ ಕತ್ತಿ ಹಿಡಿದು ಹೋಗಿ ಅವಳ ಪಾತ್ರೆಯಲ್ಲಿ ಮೂರು ಗೀರು ಎಳೆದುಕೊಟ್ಟ. ಮರುದಿನ ಮತ್ತೆ ಮೂರು ಮನೆ. ಹತ್ತು ದಿನಕ್ಕೆ ಹನ್ನೊಂದು ಮನೆಯ ಪಾತ್ರೆಗಳಲ್ಲಿ ಅವನ ಕತ್ತಿಯ ಗುರುತು ಬಿತ್ತು. "ಅವಳಿದ್ದಿದ್ರೆ ಎಷ್ಟು ಹಿಗ್ಗುತ್ತಿದ್ಲೋ" ಎಂದು ಸೊಸೆಗೆ ಹೇಳಿದ. ಡಾಕ್ಟರಮ್ಮ ಕೊಳ ಮುಟ್ಟಬೇಡಿ ಅಂದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಮಗನ ಮಾತು ಅಡ್ಡವಿತ್ತು. ಇಳಿಸಿದ ನೀರಿಗೆ ಆ ಮಾತು ಅನ್ವಯಿಸುವುದಿಲ್ಲವೆಂದೂ ಅವನು ನಂಬಿದ್ದ.

ಮನೆಯಲ್ಲಿ ಕೈಪಂಪಿನ ನೀರಿಗೆ ಬೇಳೆ ಬೇಯದೆ ಕಲ್ಲಾಗುತ್ತಿತ್ತು. ಮಗ ಅದನ್ನು ಕಟಕಟ ಅಗಿಯುತ್ತ, "ಹಲ್ಲಿಗೆ ಒಳ್ಳೆ ಕಸರತ್ತು" ಎನ್ನುತ್ತಿದ್ದ. ಸೊಸೆಯ ತಲೆಭಾರ ಇಳಿಯಿತು. ಚಿಣ್ಣಿಯ ನಡುಕ ಮಾತ್ರ ಹಾಗೇ ಇತ್ತು.

"ಎಂಟು ದಿನದಿಂದ ಪಂಪಿನ ನೀರೇ ಕುಡೀತಿದ್ದಾಳೆ, ಆದ್ರೂ ಯಾಕೆ ಹೀಗೆ?" ಎಂದು ಸೊಸೆ ಮಗಳ ಬೆರಳು ನೀವುತ್ತ ಕೇಳಿದಳು. "ಇನ್ನೆರಡು ವಾರಕ್ಕೆ ಓಟ. ಓಟ ಹಾಳಾಗಲಿ, ಲೋಟ ಹಿಡಿಯೋಕೆ ಆಗ್ತಿಲ್ಲ ಇವಳಿಗೆ."

ಅಜ್ಜ ತಲೆ ತಗ್ಗಿಸಿ ಬಿದಿರಿನ ಸೀಳು ಹೆರೆಯುತ್ತಿದ್ದ. ಉಪ್ಪುಪ್ಪು ನೀರಿನಿಂದ ಮಗುವಿಗೆ ಶಕ್ತಿ ಬರುವುದು ಹೇಗೆ? ಅದಕ್ಕೇ ಅವನು ಬೆಳಿಗ್ಗೆ ಒಂದು, ಸಂಜೆ ಒಂದು ಲೋಟ ಅಜ್ಜಿ ನೀರನ್ನು ಅವಳಿಗೆ ಗುಟ್ಟಾಗಿ ಕುಡಿಸುತ್ತಿದ್ದ. "ಅಮ್ಮನಿಗೆ ಹೇಳಬೇಡ" ಎಂದಿದ್ದ. ಅಜ್ಜನ ಗುಟ್ಟೆಂದರೆ ಚಿಣ್ಣಿಗೂ ಖುಷಿ.

ಫೋನು ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಎಲ್ಲರಿಗೂ ಕೇಳಲಿ ಎಂದು ಸೊಸೆ ಅದನ್ನು ತಟ್ಟೆಗಳ ನಡುವೆ ಇಟ್ಟಳು. ಕನ್ನಡಕದ ಹುಡುಗಿಯ ದನಿ.

"ಕೈಪಂಪಿನ ನೀರು ಗಡಸು, ಆದ್ರೆ ಅದರಲ್ಲಿ ಔಷಧಿ ಇಲ್ಲ, ಕುಡೀಬಹುದು. ಕೊಳದಲ್ಲಿ ಗೆದ್ದಲಿನ ಔಷಧಿ ಇದೆ, ಇರಬಾರದಷ್ಟು. ಮೂರನೇ ಸೀಸೆ… ತಾತ ಇದ್ದಾರಾ?"

"ಇದೀನಮ್ಮ, ಹೇಳು" ಎಂದು ಅಜ್ಜ ಮುಂದೆ ಬಾಗಿದ. ಅವನ ಮುಖ ಬೆಳಗುತ್ತಿತ್ತು.

"ಆ ನೀರು ಯಾರಾದ್ರೂ ಕುಡೀತಿದ್ದೀರಾ? ಕುಡಿದ್ರೆ ಇವತ್ತೇ ನಿಲ್ಸಿ. ಕೊಳದಲ್ಲಿ ಇರೋದಕ್ಕಿಂತ ಹತ್ತಿರ ಹತ್ತಿರ ಮೂರು ಪಟ್ಟು ಔಷಧಿ ಅದರಲ್ಲಿದೆ."

"ಕಾಯಿಸಿದ್ದಲ್ವಾ ಅದು?"

"ಕಾಯಿಸಿದ್ದಕ್ಕೇ ತಾತ. ಬೆಂಕಿಗೆ ರೋಗದ ಹುಳ ಸಾಯುತ್ತೆ. ಈ ಔಷಧಿ ಸಾಯಲ್ಲ, ಹಬೆ ಜೊತೆ ಹೋಗೋದೂ ಇಲ್ಲ. ನೀರು ಮಾತ್ರ ಹೋಗುತ್ತೆ. ಮೂರು ಲೋಟದಲ್ಲಿದ್ದ ವಿಷ ಒಂದು ಲೋಟದಲ್ಲಿ ಕೂರುತ್ತೆ."

ಫೋನು ನಿಂತಿತು. ಅಜ್ಜ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಚಿಣ್ಣಿಗೆ ಇವತ್ತು ಬೆಳಿಗ್ಗೆನೂ ಕೊಟ್ಟೆ" ಎಂದ. "ದಿನಾ ಕೊಟ್ಟೆ."

"ಮಾವ" ಎಂದಳು ಸೊಸೆ. ಮಗಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

ಮಗ ಎದ್ದು ನಿಂತ. "ಬೇಡ ಅಂದಿದ್ದು ಕಿವಿಗೆ ಬೀಳಲಿಲ್ವಾ ನಿನಗೆ? ನನ್ನ ಮಗಳಿಗೆ ನಿನ್ನ ಕೈಯಾರೆ…"

"ನಾನು ಕಾಯಿಸ್ದೆ. ಕೊಳಕ್ಕೆ ಹಾಕಿದ್ದು ಯಾರು?"

"ಕೊಳ ಕಾಣದ ಬಿದಿರು ಬೇಡ ಅಂದಿದ್ದು ಯಾರು?"

"ಎರಡೂ ಮಾಡಿ ಅಂದಿದ್ದು ನಾನು" ಎಂದಳು ಸೊಸೆ. ಅವಳ ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ಮೂರೂ ಜನ ಸೇರಿ ಮಾಡಿದ್ದು. ಇನ್ನು ಕೂಗಾಡಿ ಏನು? ನಾನು ಇವಳನ್ನ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗ್ತೀನಿ. ನೀವು ಬಿದಿರು ಎತ್ತಿ."

"ಎತ್ತಿದ್ರೆ ಊರು ನನ್ನ ಮೇಲೆ ಬೀಳುತ್ತೆ. ನಿಧಾನವಾಗಿ, ದಿನಕ್ಕೆ ನಾಲ್ಕು ಗಳು ಎತ್ತಿ…"

ಅಜ್ಜ ಅಷ್ಟರಲ್ಲಿ ಅಡುಗೆಮನೆಗೆ ಹೋಗಿದ್ದ. ಹಿತ್ತಲ ಬಾಗಿಲಿನಿಂದ ನೋಡಿದರೆ ಸಾಲುಮನೆಗಳ ಮೇಲೆ ಹೊಗೆ ಏಳುತ್ತಿತ್ತು. ಹನ್ನೊಂದು ಒಲೆ. ಹನ್ನೊಂದು ಪಾತ್ರೆ. ಎಲ್ಲ ಕಡೆ ನೀರು ಕೆಳಗಿನ ಗೀರಿನ ಕಡೆಗೆ ಇಳಿಯುತ್ತಿತ್ತು. ಅವನು ತಪ್ಪಲೆಯನ್ನು ಕಂಕುಳಲ್ಲಿ ಇರುಕಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಟ.

ಮೊದಲ ಮನೆ ದರ್ಜಿಯದು. ದರ್ಜಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಹೆಂಡತಿ ಒಲೆ ಊದುತ್ತಿದ್ದಳು.

"ಇಳಿಸಮ್ಮ ಅದನ್ನ. ಚೆಲ್ಲಿಬಿಡು."

"ಅಯ್ಯೋ, ಇನ್ನೂ ನಡುವಿನ ಗೀರಿಗೂ ಬಂದಿಲ್ಲ ಅಜ್ಜ. ನೀವೇ ತಾನೆ ಹೇಳಿದ್ದು?"

"ನಾನೇ ಹೇಳಿದ್ದು. ತಪ್ಪು ಹೇಳ್ದೆ. ಕೊಳದಲ್ಲಿ ಗೆದ್ದಲಿನ ಔಷಧಿ ಸೇರಿದೆ. ಕಾಯಿಸಿದಷ್ಟೂ ಅದು ಗಟ್ಟಿಯಾಗುತ್ತೆ."

ಅವಳು ನಕ್ಕಳು. "ಬೆಂಕಿಗೆ ನಿಲ್ಲೋ ಔಷಧಿ ಯಾವುದಜ್ಜ? ಬಿಸಿಲಲ್ಲಿ ತಿರುಗಿ ತಲೆ ಕಾದಿದೆ ನಿಮಗೆ."

"ಆಯ್ತು. ಪಂಪಿನ ನೀರಿದ್ಯಾ? ಒಂದು ಪಾತ್ರೆಗೆ ಹಾಕಿ ಒಂದು ಚಿಟಿಕೆ ಉಪ್ಪು ಹಾಕು. ರುಚಿ ನೋಡು. ಈಗ ಕಾಯ್ಸು. ಅರ್ಧ ಆದ ಮೇಲೆ ಮತ್ತೆ ನೋಡು, ಉಪ್ಪು ಸತ್ತಿರುತ್ತಾ, ಹೆಚ್ಚಿರುತ್ತಾ ಅಂತ."

ಅವಳ ಕೈಯಲ್ಲಿದ್ದ ಊದುಗೊಳವೆ ಕೆಳಗಿಳಿಯಿತು. ಸಾರಿ ಸಾರಿ ಹೇಳಬೇಕಾಗಲಿಲ್ಲ. ಐವತ್ತು ಜನಕ್ಕೆ ಬೇಕಾದರೂ ಅಡುಗೆ ಮಾಡಿ ಹಾಕುವ ಕೈ ಅದು. ಒಳಗೆ ಮಲಗಿದ್ದ ಮಗಳ ಕಡೆ ಒಮ್ಮೆ ನೋಡಿ, ಸೆರಗಿನಿಂದ ಹಿಡಿದು ಪಾತ್ರೆ ಇಳಿಸಿದಳು.

"ನಿಮ್ಮ ಮನೆ ಅಜ್ಜಿ ಸುಳ್ಳು ಹೇಳಿಕೊಟ್ರಾ ಹಾಗಾದ್ರೆ?"

ಆ ಮಾತು ಅಜ್ಜನಿಗೆ ನಾಟಿತು. "ಇಲ್ಲಮ್ಮ. ಅವಳು ಹೇಳಿಕೊಟ್ಟಿದ್ದು ಆಗಿನ ನೀರಿಗೆ. ಈಗಿನ ನೀರು ಅವಳು ನೋಡ್ಲಿಲ್ಲ. ನೋಡಿದ್ದು ನಾನು."

ದರ್ಜಿಯ ಯಂತ್ರ ನಿಂತಿತು. "ಔಷಧಿ ಕೊಳಕ್ಕೆ ಹೇಗೆ ಬಂತು?" ಎಂದ ಅವನು.

ತನ್ನ ತಪ್ಪನ್ನು ಹನ್ನೊಂದು ಬಾಗಿಲಲ್ಲಿ ಹೇಳಲು ಅಜ್ಜ ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದ. ಮಗನ ತಪ್ಪನ್ನು ಹೇಳುವ ನಾಲಿಗೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ತಪ್ಪಲೆ ಕಂಕುಳಿಂದ ಜಾರಿತು; ಎತ್ತಿ ಮತ್ತೆ ಇರುಕಿಕೊಂಡ.

"ಕೇಳ್ತಿರೋದು ನಿಮ್ಮನ್ನೇ" ಎಂದ ದರ್ಜಿ.

"ನನ್ನ ಬಿದಿರಿಂದ."

ಮಾತು ಬೀದಿಯ ಕಡೆಯಿಂದ ಬಂತು. ಮಗ ನಿಂತಿದ್ದ. ಎದೆಯವರೆಗೆ ಒದ್ದೆ, ಮೈಯೆಲ್ಲ ಕೆಸರು, ಹೆಗಲ ಮೇಲೆ ನೀರು ಸೋರುವ ಎರಡು ಗಳು. "ಔಷಧಿ ತುಂಬಿ ಮುಳುಗಿಸಿದ್ದು ನಾನು. ಅಪ್ಪನ್ನ ಯಾಕೆ ಕೇಳ್ತೀರಿ, ನನ್ನನ್ನ ಕೇಳಿ. ಆದ್ರೆ ಕೇಳೋ ಮೊದಲು ಒಂದು ಕೈ ಹಾಕಿ. ಇನ್ನೂ ಎಂಬತ್ತು ಗಳು ತಳದಲ್ಲಿವೆ."

ದರ್ಜಿ ಅವನನ್ನು ಕೇಳಬೇಕಾದ್ದೆಲ್ಲ ಕೇಳಿದ. ಕೇಳುತ್ತಲೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ, ಬೈಯುತ್ತಲೇ ಕೊಳದ ಕಡೆ ನಡೆದ. ಉಳಿದ ಹತ್ತು ಬಾಗಿಲುಗಳಲ್ಲೂ ಹೀಗೇ ಆಯಿತು. ಒಂದು ಮನೆಯಲ್ಲಿ ಅಜ್ಜನ ಮುಖಕ್ಕೆ ಬಾಗಿಲು ಹಾಕಿದರು. ಅವನು ಬಾಗಿಲಿಗೇ ಎಲ್ಲ ಹೇಳಿ ಮುಂದೆ ಹೋದ. ಹೊತ್ತು ಇಳಿಯುವಷ್ಟರಲ್ಲಿ ಕೊಳದ ದಡದಲ್ಲಿ ಇಪ್ಪತ್ತು ಜನ ಸಾಲಾಗಿ ನಿಂತು, ಬೈಗುಳವನ್ನೂ ಬಿದಿರನ್ನೂ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕೊನೆಯ ಗಳು ಮೇಲೆ ಬಂದಾಗ ಯಾರೋ ಸಿಳ್ಳೆ ಹಾಕಿದರು.

ಹೋಟೆಲಿನವರಿಗೆ ಮಗನೇ ಹೋಗಿ, ಕುರ್ಚಿ ಆಗುವುದಿಲ್ಲವೆಂದು ಹೇಳಿ ಬಂದ. ಆ ಬಿದಿರನ್ನೂ ಡಬ್ಬವನ್ನೂ ಅಧಿಕಾರಿಗಳು ಬಂದು ಒಯ್ದರು. ಕೊಳಕ್ಕೆ 'ನೀರು ಮುಟ್ಟಬೇಡಿ' ಎಂಬ ಹಲಗೆ ಬಿತ್ತು. ಕೈಪಂಪಿನ ಮುಂದೆ ಕೊಡಗಳ ಸಾಲು, ಸಾಲಿನಲ್ಲಿ ಆ ಮನೆಯವರಿಗೆ ಕುಟುಕು ಮಾತು, ಬೇಯದ ಬೇಳೆ. ಸೊಸೆ ಎಲ್ಲಕ್ಕೂ ಉತ್ತರ ಕೊಡುತ್ತ ನೀರು ಹೊತ್ತಳು. ಚಿಣ್ಣಿಯ ಬೆರಳುಗಳು ಆರನೆಯ ದಿನ ನಡುಗುವುದನ್ನು ನಿಲ್ಲಿಸಿದವು. ಅಂದು ಅಜ್ಜ ದೇವರ ಮುಂದೆ ಬಹಳ ಹೊತ್ತು ಕೂತಿದ್ದ. ಏನು ಕೇಳಿದನೋ, ಯಾರ ಕ್ಷಮೆ ಕೇಳಿದನೋ, ಎದ್ದು ಬಂದಾಗ ಮುಖ ತೊಳೆದ ಹಾಗಿತ್ತು.

ನಿಧಾನವಾಗಿ ಓಡುವುದಾದರೆ ಓಡಲಿ ಎಂದು ಡಾಕ್ಟರಮ್ಮ ಒಪ್ಪಿದರು. ನಿಧಾನವೆಂದರೆ ಏನೆಂದು ಚಿಣ್ಣಿಗೆ ಯಾರೂ ಕಲಿಸಿರಲಿಲ್ಲ. ಸೀಟಿ ಊದಿದ ಕೂಡಲೆ ಅವಳು ಹಾರಿದಳು. ಬಯಲಿನ ತಿರುವಿನಲ್ಲಿ ಮೂವರು ಅವಳನ್ನು ಹಿಂದೆ ಹಾಕಿದಾಗ ಅಜ್ಜ ಬೇಲಿಯಗುಂಟ ಬರಿಗಾಲಲ್ಲಿ ಓಡುತ್ತಿದ್ದ, ಅವನ ಹಿಂದೆ ಮಗ, ಮಗನ ಹಿಂದೆ ಸ್ಕೂಟರು ಬಿಟ್ಟು ಬಂದ ಸೊಸೆ. ದರ್ಜಿಯ ಹೆಂಡತಿ ಕೂಗಿ ಕೂಗಿ ದನಿ ಕಳೆದುಕೊಂಡಳು. ಚಿಣ್ಣಿ ನಾಲ್ಕನೆಯವಳಾಗಿ ಗೆರೆ ದಾಟಿದಳು. ಬೀಳಲಿಲ್ಲ.

ಏದುಸಿರು ಬಿಡುತ್ತ ಬಂದು ಅಜ್ಜನ ಪಕ್ಕದಲ್ಲಿ ಕುಕ್ಕರಿಸಿದವಳು, ಅವನು ಮನೆಯಿಂದ ಹೊತ್ತು ತಂದಿದ್ದ ತಪ್ಪಲೆಯೊಳಗೆ ಇಣುಕಿದಳು.

"ಅಜ್ಜ, ಇದನ್ನ ಕೆಳಗಿನ ಗೀರಿಗೆ ಇಳಿಸ್ಲಿಲ್ವಾ?"

"ಇಲ್ಲ ಮಗು. ಪಂಪಿಂದ ತುಂಬಿದ್ದು, ಹಾಗೇ ತಂದೆ."

ಅವಳು ಲೋಟ ಅದ್ದಿ ಎರಡು ಗುಟುಕು ಕುಡಿದು ಮುಖ ಕಿವುಚಿದಳು. "ಉಪ್ಪುಪ್ಪು."

"ಹೂಂ. ಕುಡಿ."

ಅವಳು ಕುಡಿದಳು. ಲೋಟ ಹಿಡಿದ ಕೈಯನ್ನು ಅಜ್ಜ ಕೊನೆಯ ಗುಟುಕಿನವರೆಗೆ ನೋಡುತ್ತಲೇ ಇದ್ದ. ಆಮೇಲೆ ತಾನೂ ಅದೇ ಲೋಟವನ್ನು ತಪ್ಪಲೆಗೆ ಅದ್ದಿದ.